ನೋಡುವವರ ಶಿಸ್ತು

ಆಡುವವರಿಗೆ ಒಂದು ಶಿಸ್ತು ಇರುವಂತೆ ನೋಡುವವರಿಗೂ ಒಂದು ಶಿಸ್ತು ಉಂಟು. ಮೊದಲನೆಯದನ್ನು ನಮಗೆ ವ್ಯಾಯಾಮದ ಉಪಾಧ್ಯಾಯರು ಕಲಿಸುವರು. ಎರಡನೆಯದನ್ನು ಯಾರೂ ಕಲಿಸುವುದಿಲ್ಲ. ಆದುದರಿಂದಲೇ ನಮ್ಮ ತಂಡ ಗೆದ್ದಾಗ ನಾವು “ನಾವು ಗೆದ್ದೆವು” ಎನ್ನುತ್ತೇವೆ. ಅದೇ ತಂಡ ಸೋತಾಗ “ಅವರು ಸೋತರು” ಎನ್ನುತ್ತೇವೆ. ವ್ಯಾಕರಣದ ತರಗತಿಯಲ್ಲಿ ಉತ್ತಮಪುರುಷ, ಪ್ರಥಮಪುರುಷ ಎಂದು ಓದುವ ಈ ಎರಡು ಸರ್ವನಾಮಗಳ ನಡುವೆಯೇ ಅಭಿಮಾನದ ಪರೀಕ್ಷೆ ಅಡಗಿದೆ. ಆ ಪರೀಕ್ಷೆಯನ್ನು ಅರಿಯುವುದಕ್ಕಾಗಿ ನಾವು ಈ ಲೇಖನದಲ್ಲಿ ದೂರದ ಒಂದು ವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಹಿಂಬಾಲಿಸಿ ಹೋಗೋಣ. ಅದು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯ.

ಮೊದಲು ಆಟದ ಹುಟ್ಟನ್ನು ನೆನೆಯುವುದು ಯುಕ್ತ. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರಿದ್ದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಅವರು ಹುಡುಕುತ್ತಿದ್ದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ತಮ್ಮ ಹದಿನೆಂಟು ಮಂದಿ ಶಿಷ್ಯರನ್ನು ಎರಡು ಪಂಗಡವಾಗಿ ನಿಲ್ಲಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯವರು ಹೆಣ್ಣುಮಕ್ಕಳಿಗೂ ಈ ಆಟವನ್ನು ಕಲಿಸಿದರು. ಅದೇ ಸ್ಪ್ರಿಂಗ್‌ಫೀಲ್ಡ್ ಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ೧೯೨೦ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಹೀಗೆ ಆ ಬುಟ್ಟಿಗಳಿಗೂ ನಮ್ಮ ದೇಶದ ಶಾಲೆಯಂಗಳಗಳಿಗೂ ಒಂದು ಗುರುಪರಂಪರೆಯ ನಂಟು ಉಂಟು.

ಅಯೋವಾಕ್ಕೆ ಈ ಆಟದ ಚರಿತ್ರೆಯಲ್ಲಿ ವಿಶೇಷವಾದ ಸ್ಥಾನವಿದೆ. ಪಕ್ಷವೊಂದಕ್ಕೆ ಐವರಂತೆ ಆಡಿದ ಮೊದಲ ಅಂತರಕಾಲೇಜು ಪಂದ್ಯವು ನಡೆದದ್ದು ೧೮೯೬ನೆಯ ಜನವರಿ ೧೮ರಂದು, ಅಯೋವಾ ಸಿಟಿ ಎಂಬ ಊರಿನಲ್ಲಿ. ಷಿಕಾಗೋ ವಿಶ್ವವಿದ್ಯಾನಿಲಯವು ಆ ಪಂದ್ಯವನ್ನು ೧೫–೧೨ರಿಂದ ಗೆದ್ದಿತು. ಆತಿಥೇಯರು ಸೋತರು! ಅಯೋವಾದ ಅಭಿಮಾನಿಯ ಪಾಠಗಳು ಸೋಲಿನಿಂದಲೇ ಆರಂಭವಾದುವೆಂದು ನಾವು ಹೇಳಬಹುದು.

ಇನ್ನು ‘ಕಾನ್ಫರೆನ್ಸ್’ ಎಂದರೇನು? ಅಮೆರಿಕದ ಕಾಲೇಜುಗಳು ತಮ್ಮ ತಮ್ಮ ನೆರೆಹೊರೆಯ ಸಂಸ್ಥೆಗಳೊಡನೆ ಸೇರಿ ಕಟ್ಟಿಕೊಂಡ ಕ್ರೀಡಾ ಒಕ್ಕೂಟವೇ ಕಾನ್ಫರೆನ್ಸ್. ಅಯೋವಾ ಸೇರಿರುವ ‘ಬಿಗ್ ಟೆನ್’ ಒಕ್ಕೂಟವು ೧೮೯೬ರಲ್ಲಿ ಷಿಕಾಗೋ ನಗರದಲ್ಲಿ ಏಳು ಸಂಸ್ಥೆಗಳಿಂದ ಸ್ಥಾಪಿತವಾಯಿತು. ಅಯೋವಾ ಅದನ್ನು ೧೮೯೯ರಲ್ಲಿ ಸೇರಿತು. ಹೆಸರಿನಲ್ಲಿ ಹತ್ತು ಇದ್ದರೂ ೨೦೨೪ರಲ್ಲಿ ಪಶ್ಚಿಮ ತೀರದ ನಾಲ್ಕು ವಿಶ್ವವಿದ್ಯಾನಿಲಯಗಳು ಬಂದು ಸೇರಿದ ಮೇಲೆ ಸದಸ್ಯರ ಸಂಖ್ಯೆ ಹದಿನೆಂಟಾಗಿದೆ. ಮನೆ ದೊಡ್ಡದಾದರೂ ಮನೆತನದ ಹೆಸರು ಬದಲಾಗಲಿಲ್ಲ.

ಪಂದ್ಯಗಳ ಋತು ನವೆಂಬರಿನಲ್ಲಿ ತೊಡಗುವುದು. ಮೊದಮೊದಲು ಹೊರಗಿನ ತಂಡಗಳೊಡನೆ ಆಟ. ಹೊಸ ವರ್ಷ ಬಂದಿತೆಂದರೆ ಬಹುಮಟ್ಟಿಗೆ ಒಕ್ಕೂಟದೊಳಗಣ ಕಾಳಗವೇ. ಅದು ಮಾರ್ಚಿ ತಿಂಗಳ ಆರಂಭದವರೆಗೆ ನಡೆಯುವುದು. ಆಮೇಲೆ ಒಂದೇ ಊರಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವ ಒಕ್ಕೂಟದ ಪಂದ್ಯಾವಳಿ. ಅದರಲ್ಲಿ ಒಮ್ಮೆ ಸೋತವರು ಹೊರಗೆ. ಅದನ್ನು ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಉಳಿದವರಲ್ಲಿ ಯೋಗ್ಯರನ್ನು ಒಂದು ಸಮಿತಿ ಆರಿಸುವುದು. ಗಂಡಸರ ವಿಭಾಗದಲ್ಲಿಯೂ ಹೆಂಗಸರ ವಿಭಾಗದಲ್ಲಿಯೂ ಅರುವತ್ತೆಂಟು ತಂಡಗಳಿಗೆ ಅಲ್ಲಿ ಸ್ಥಾನವಿದೆ.

ಒಕ್ಕೂಟದ ಋತುವಿನ ಸ್ವಾರಸ್ಯವೆಲ್ಲ ಒಂದು ಮಾತಿನಲ್ಲಿದೆ: ಎದುರಾಳಿ ಮತ್ತೆ ಬರುತ್ತಾನೆ. ಜನವರಿಯಲ್ಲಿ ಅವರ ಊರಿನಲ್ಲಿ ಸೋತವರು ಮಾರ್ಚಿಯಲ್ಲಿ ನಮ್ಮ ಊರಿನಲ್ಲಿ ಅವರನ್ನು ಎದುರುಗೊಳ್ಳುವುದುಂಟು. ಪರೀಕ್ಷೆಯಲ್ಲಿ ಬಿಡಿಸಲಾಗದ ಲೆಕ್ಕ ಎರಡು ತಿಂಗಳ ಮೇಲೆ ಮತ್ತೆ ಅದೇ ರೂಪದಲ್ಲಿ ಬಂದಂತೆ! ಆದುದರಿಂದ ಒಂದು ದಿನದ ಫಲಿತಾಂಶಕ್ಕಿಂತ ಅದರಿಂದ ಕಲಿತ ಪಾಠವೇ ಇಲ್ಲಿ ಬೆಲೆಯುಳ್ಳದ್ದು.

ಇದಕ್ಕೆ ೨೦೨೩–೨೪ರ ಅಯೋವಾ ಹೆಣ್ಣುಮಕ್ಕಳ ತಂಡವೇ ಸಾಕ್ಷಿ. ತರಬೇತಿ ನೀಡುತ್ತಿದ್ದವರು ಲೀಸಾ ಬ್ಲೂಡರ್. ತಂಡದ ಕಣ್ಮಣಿ ಕೇಟ್ಲಿನ್ ಕ್ಲಾರ್ಕ್. ಋತು ಆರಂಭವಾಗುವುದಕ್ಕೆ ಮೊದಲೇ, ೨೦೨೩ರ ಅಕ್ಟೋಬರಿನಲ್ಲಿ, ಫುಟ್‌ಬಾಲಿನ ಬಯಲು ಕ್ರೀಡಾಂಗಣದಲ್ಲಿ ಏರ್ಪಟ್ಟ ಒಂದು ಪ್ರದರ್ಶನ ಪಂದ್ಯಕ್ಕೆ ೫೫,೬೪೬ ಮಂದಿ ನೆರೆದಿದ್ದರು. ಆದರೂ ಒಕ್ಕೂಟದ ಹದಿನೆಂಟು ಪಂದ್ಯಗಳಲ್ಲಿ ಈ ತಂಡ ಮೂರನ್ನು ಸೋತಿತು. ಜನವರಿ ೨೧ರಂದು ಕೊಲಂಬಸ್ ನಗರದಲ್ಲಿ ಒಹಾಯೊ ಸ್ಟೇಟ್ ತಂಡವು ಹೆಚ್ಚುವರಿ ಅವಧಿಯಲ್ಲಿ ೧೦೦–೯೨ರಿಂದ ಗೆದ್ದಿತು. ಕ್ಲಾರ್ಕ್ ಒಬ್ಬಳೇ ೪೫ ಅಂಕ ಗಳಿಸಿದರೂ ಫಲವಾಗಲಿಲ್ಲ. ಫೆಬ್ರವರಿ ೧೧ರಂದು ನೆಬ್ರಾಸ್ಕದಲ್ಲಿ, ಕೈಯಲ್ಲಿದ್ದ ಪಂದ್ಯವು ಕೊನೆಯ ಭಾಗದಲ್ಲಿ ಜಾರಿ ೮೨–೭೯ರಿಂದ ಸೋಲಾಯಿತು. ಆ ಕೊನೆಯ ಹತ್ತು ನಿಮಿಷಗಳಲ್ಲಿ ಕ್ಲಾರ್ಕ್ ಒಂದು ಅಂಕವನ್ನೂ ಗಳಿಸಲಿಲ್ಲ. ಅದೇ ತಿಂಗಳು ಇಂಡಿಯಾನಾದಲ್ಲಿ ಮೂರನೆಯ ಸೋಲು.

ಮುಂದೇನಾಯಿತು? ಮಾರ್ಚಿ ೩ರಂದು ಒಹಾಯೊ ಸ್ಟೇಟ್ ತಂಡವು ಅಯೋವಾ ಸಿಟಿಗೆ ಬಂದಾಗ ಆತಿಥೇಯರು ೯೩–೮೩ರಿಂದ ಗೆದ್ದರು. ಅದೇ ದಿನ ಕ್ಲಾರ್ಕ್, ಪೀಟ್ ಮ್ಯಾರವಿಚ್‌ನ ೩,೬೬೭ ಅಂಕಗಳ ಬಹುಕಾಲದ ದಾಖಲೆಯನ್ನು ದಾಟಿದಳು. ಒಂದು ವಾರದ ಬಳಿಕ ಮಿನಿಯಾಪೊಲಿಸ್‌ನಲ್ಲಿ ನಡೆದ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಎದುರು ನಿಂತದ್ದು ಅದೇ ನೆಬ್ರಾಸ್ಕ. ಮೊದಲರ್ಧದಲ್ಲಿ ಕ್ಲಾರ್ಕ್‌ಳ ಕೈ ಸೋತಿತ್ತು. ಆದರೆ ಆಕೆ ಎಸೆಯುವುದನ್ನು ನಿಲ್ಲಿಸಲಿಲ್ಲ. ತನ್ನ ೩೪ ಅಂಕಗಳಲ್ಲಿ ೩೦ನ್ನು ವಿರಾಮದ ನಂತರವೇ ಗಳಿಸಿದಳು. ಹೆಚ್ಚುವರಿ ಅವಧಿಯಲ್ಲಿ ಅಯೋವಾ ೯೪–೮೯ರಿಂದ ಗೆದ್ದು ಸತತವಾಗಿ ಮೂರನೆಯ ಬಾರಿ ಆ ಪಂದ್ಯಾವಳಿಯ ಪ್ರಶಸ್ತಿಯನ್ನು ಪಡೆಯಿತು. ಏಪ್ರಿಲಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಸೌತ್ ಕ್ಯಾರೊಲಿನಾ ತಂಡಕ್ಕೆ ೮೭–೭೫ರಿಂದ ಸೋತಿತೆಂಬುದೂ ನಿಜ. ಆದರೆ ಫೆಬ್ರವರಿಯಲ್ಲಿಯೇ ಕೈಬಿಟ್ಟು ಹೋದ ಅಭಿಮಾನಿಗೆ ಮಾರ್ಚಿಯ ಸುಖ ದೊರೆಯಲಿಲ್ಲ.

ಹೆಣ್ಣುಮಕ್ಕಳ ಆಟಕ್ಕೆ ಇಷ್ಟು ಜನ ಸೇರುವುದು ಆ ಸಂಸ್ಥಾನದಲ್ಲಿ ನಿನ್ನೆ ಮೊನ್ನೆಯ ಮಾತಲ್ಲ. ಅಯೋವಾದ ಪ್ರೌಢಶಾಲೆಗಳಲ್ಲಿ ಹುಡುಗಿಯರು ಪಕ್ಷಕ್ಕೆ ಆರು ಮಂದಿಯಂತೆ ಬೇರೊಂದು ಬಗೆಯ ಬ್ಯಾಸ್ಕೆಟ್‌ಬಾಲನ್ನು ಆಡುತ್ತಿದ್ದರು. ಮೂವರು ಎಸೆಯುವವರು, ಮೂವರು ಕಾಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ೧೯೨೦ರಿಂದ ಅವರಿಗಾಗಿ ಸಂಸ್ಥಾನಮಟ್ಟದ ಪಂದ್ಯಾವಳಿ ನಡೆಯುತ್ತಿತ್ತು. ಆರು ಮಂದಿಯ ಆಟ ೧೯೯೩ರವರೆಗೂ ಉಳಿದಿತ್ತು. ೧೯೭೨ರಲ್ಲಿ ಆ ದೇಶದಲ್ಲಿ ‘ಒಂಬತ್ತನೆಯ ಪ್ರಕರಣ’ವೆಂದು ಹೆಸರಾದ ಕಾನೂನು ಬಂದಿತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಸ್ತ್ರೀಪುರುಷರೆಂಬ ಭೇದವೆಣಿಸಬಾರದೆಂದು ಅದು ವಿಧಿಸಿದ ಮೇಲೆ ಕಾಲೇಜುಗಳಲ್ಲಿಯೂ ಹೆಣ್ಣುಮಕ್ಕಳ ತಂಡಗಳು ಬೆಳೆದುವು. ೧೯೮೩ರಲ್ಲಿ ಅಯೋವಾಕ್ಕೆ ತರಬೇತುದಾರರಾಗಿ ಬಂದ ವಿವಿಯನ್ ಸ್ಟ್ರಿಂಗರ್ ಅವರ ಕಾಲದಲ್ಲಿ, ೧೯೮೫ರ ಫೆಬ್ರವರಿ ೩ರಂದು, ಕಾರ್ವರ್–ಹಾಕ್‌ಐ ಒಳಾಂಗಣದಲ್ಲಿ ೨೨,೧೫೭ ಮಂದಿ ಕಿಕ್ಕಿರಿದರು. ಎದುರಾಳಿ ಅಂದೂ ಒಹಾಯೊ ಸ್ಟೇಟ್.

ಈ ಒಳಾಂಗಣವು ಕಣಿವೆಯೊಂದರಲ್ಲಿ ಕಟ್ಟಿದ್ದು. ಪ್ರೇಕ್ಷಕರು ಬೀದಿಯ ಮಟ್ಟದಲ್ಲಿ ಒಳಹೊಕ್ಕು, ಬಾವಿಗೆ ಇಳಿದಂತೆ ಕೆಳಗೆ ಕೆಳಗೆ ಇಳಿದು ತಮ್ಮ ಸ್ಥಾನವನ್ನು ಸೇರುವರು. ಅಲ್ಲಿ ಕೇಳಿದ್ದು ಜಯಘೋಷ ಮಾತ್ರವಲ್ಲ. ಮೌನವನ್ನೂ ಆ ಕಟ್ಟಡ ಕಂಡಿದೆ. ೧೯೯೨–೯೩ರ ಚಳಿಗಾಲದಲ್ಲಿ ಅಯೋವಾದ ಎರಡು ತಂಡಗಳಿಗೂ ಸಾವಿನ ನೆರಳು ತಾಕಿತು. ನವೆಂಬರಿನಲ್ಲಿ ಸ್ಟ್ರಿಂಗರ್ ಅವರು ತಮ್ಮ ಪತಿಯನ್ನು ಕಳೆದುಕೊಂಡರು. ೧೯೯೩ರ ಜನವರಿ ೧೯ರಂದು ಗಂಡಸರ ತಂಡದ ಕ್ರಿಸ್ ಸ್ಟ್ರೀಟ್ ಎಂಬ ಇಪ್ಪತ್ತು ವರ್ಷದ ಆಟಗಾರ ರಸ್ತೆಯ ಅಪಘಾತದಲ್ಲಿ ಮಡಿದನು. ಅಯೋವಾದ ನೆಲದಲ್ಲಿಯೇ ಬೆಳೆದ ಹುಡುಗ. ಬಿದ್ದ ಚೆಂಡಿಗಾಗಿ ನೆಲಕ್ಕೆ ಹಾರುವವನು.

ಕೆಲವು ದಿನ ಆಟ ನಿಂತಿತು. ಜನವರಿ ೨೮ರಂದು ತಂಡವು ಮತ್ತೆ ಕಣಕ್ಕಿಳಿಯಿತು. ಮಿಷಿಗನ್ ಸ್ಟೇಟ್ ತಂಡದ ಎದುರು, ಅವರದೇ ಊರಿನಲ್ಲಿ, ಹದಿನೈದು ಅಂಕಗಳಷ್ಟು ಹಿಂದೆ ಬಿದ್ದಿದ್ದವರು ಹೆಚ್ಚುವರಿ ಅವಧಿಯಲ್ಲಿ ೯೬–೯೦ರಿಂದ ಗೆದ್ದರು. ಮೂರು ದಿನಗಳ ಮೇಲೆ ತಮ್ಮ ಮನೆಯಂಗಳದಲ್ಲಿ ಬಲಾಢ್ಯವಾದ ಮಿಷಿಗನ್ ತಂಡವನ್ನೂ ೮೮–೮೦ರಿಂದ ಮಣಿಸಿದರು. ಹೆಣ್ಣುಮಕ್ಕಳ ತಂಡವು ದುಃಖದಲ್ಲಿದ್ದ ತಮ್ಮ ಗುರುವಿನೊಡನೆ ಆ ವರ್ಷ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕರ ಘಟ್ಟವನ್ನು ಮುಟ್ಟಿತು. ಗೆಲವು ಸತ್ತವರನ್ನು ತಂದುಕೊಡಲಾರದು. ಆದರೆ ಉಳಿದವರು ಒಟ್ಟಾಗಿ ನಿಲ್ಲಬಲ್ಲರೆಂಬುದನ್ನು ಅದು ತೋರಿಸಬಲ್ಲದು.

ಕ್ರಿಸ್ ಸ್ಟ್ರೀಟ್ ತನ್ನ ಹಿಂದೆ ಒಂದು ಸಂಖ್ಯೆಯನ್ನು ಬಿಟ್ಟುಹೋದನು. ಎದುರಾಳಿ ತಪ್ಪು ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಮೇಲೆ ನಿಂತು ಎಸೆಯುವ ಎಸೆತಕ್ಕೆ ‘ಫ್ರೀ ಥ್ರೋ’ ಎನ್ನುವರು. ಸ್ಟ್ರೀಟ್ ಸಾಯುವ ಹೊತ್ತಿಗೆ ಇಂಥ ೩೪ ಎಸೆತಗಳನ್ನು ಒಂದೂ ತಪ್ಪದಂತೆ ಬುಟ್ಟಿಗೆ ಹಾಕಿದ್ದನು. ಅದು ಆ ವಿಶ್ವವಿದ್ಯಾನಿಲಯದ ದಾಖಲೆಯಾಗಿತ್ತು. ಇಪ್ಪತ್ತೈದು ವರ್ಷ ಕಳೆಯಿತು. ೨೦೧೮ರ ಫೆಬ್ರವರಿ ೨೫ರಂದು ನಾರ್ತ್‌ವೆಸ್ಟರ್ನ್ ತಂಡದೊಡನೆ ಪಂದ್ಯ. ಜಾರ್ಡನ್ ಬೊಹಾನನ್ ಎಂಬ ಆಟಗಾರ ತಾನೂ ಸತತವಾಗಿ ೩೪ನ್ನು ಹಾಕಿ ಗೆರೆಯ ಮೇಲೆ ನಿಂತಿದ್ದನು. ಇನ್ನೊಂದು ಬಿದ್ದರೆ ದಾಖಲೆ ಅವನದು. ಅವನು ಚೆಂಡನ್ನು ಬೇಕೆಂದೇ ಗುರಿಗಿಂತ ಹಿಂದೆ ಬೀಳುವಂತೆ ಎಸೆದು, ಆಕಾಶದ ಕಡೆ ಬೆರಳು ತೋರಿದನು. ದಾಖಲೆಯು ಸತ್ತವನ ಬಳಿಯೇ ಉಳಿಯಿತು.

ಅಂಕಗಳ ಪಟ್ಟಿಯನ್ನು ಮಾತ್ರ ಓದುವವರಿಗೆ ಆ ದಿನ ಕಾಣುವುದು ತಪ್ಪಿದ ಒಂದು ಎಸೆತ. ಇಪ್ಪತ್ತೈದು ವರ್ಷಗಳ ಕಥೆಯನ್ನು ಬಲ್ಲವರಿಗೆ ಮಾತ್ರ ಅದು ಋತುವಿನ ಅತ್ಯುತ್ತಮ ಎಸೆತವೆಂದು ತಿಳಿಯುವುದು. ಅಭಿಮಾನಿಯೆಂದರೆ ಕೂಗುವವನೆಂದು ನಾವು ತಿಳಿದಿದ್ದೇವೆ; ಅವನು ಮುಖ್ಯವಾಗಿ ನೆನಪಿಟ್ಟುಕೊಳ್ಳುವವನು.

ಬೊಹಾನನ್‌ನ ಕಥೆಗೆ ಒಂದು ಉತ್ತರಭಾಗವಿದೆ. ೨೦೨೨ರ ಮಾರ್ಚಿಯಲ್ಲಿ ಒಕ್ಕೂಟದ ಪಂದ್ಯಾವಳಿಯ ಉಪಾಂತ್ಯದಲ್ಲಿ, ಸರಿಸಮನಾಗಿ ನಿಂತಿದ್ದ ಆಟದ ಕೊನೆಯ ಗಳಿಗೆಯಲ್ಲಿ ಅವನು ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು ಬುಟ್ಟಿಯೊಳಗೆ ಬಿದ್ದಿತು. ಅಯೋವಾ ೮೦–೭೭ರಿಂದ ಇಂಡಿಯಾನಾವನ್ನು ಸೋಲಿಸಿತು. ಮರುದಿನ ಪರ್ಡ್ಯೂ ತಂಡವನ್ನೂ ೭೫–೬೬ರಿಂದ ಗೆದ್ದು ಪ್ರಶಸ್ತಿ ಪಡೆಯಿತು. ಇದು ಕಥೆಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ನಾಲ್ಕೇ ದಿನಗಳ ಮೇಲೆ ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ರಿಚ್ಮಂಡ್ ಎಂಬ ತಂಡವು ಅಯೋವಾವನ್ನು ೬೭–೬೩ರಿಂದ ಸೋಲಿಸಿ ಮನೆಗೆ ಕಳುಹಿಸಿತು. ಪುಣ್ಯದ ಕೆಲಸ ಮಾಡಿದವನಿಗೆ ಗೆಲವು ಕಟ್ಟಿಟ್ಟ ಬುತ್ತಿಯೆಂದು ಆಟವು ಎಂದೂ ಮಾತು ಕೊಟ್ಟಿಲ್ಲ.

ವಿದ್ಯಾರ್ಥಿಮಿತ್ರರೇ, ಅಯೋವಾದಲ್ಲಿ ಚಳಿಗಾಲದ ಸಂಜೆ ಏಳು ಗಂಟೆಯಾದರೆ ನಮ್ಮಲ್ಲಿ ಮರುದಿನದ ಬೆಳಗಿನ ಆರೂವರೆ. ಹಾಲಿನವನು ಬಾಗಿಲು ತಟ್ಟುವ ಹೊತ್ತಿಗೆ ಅಲ್ಲಿ ಆಟ ತೊಡಗಿ, ಸುಮಾರು ಎರಡು ಗಂಟೆಗಳಲ್ಲಿ ಮುಗಿದಿರುವುದು. ಆದರೆ ನೀವು ಅಷ್ಟು ದೂರದ ತಂಡವನ್ನೇ ಹಿಂಬಾಲಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಶಾಲೆಯ ತಂಡವನ್ನೇ ಒಂದು ಋತು ಪೂರ್ತಿ ಹಿಂಬಾಲಿಸಿ ನೋಡಿರಿ. ಒಂದು ನೋಟುಪುಸ್ತಕದಲ್ಲಿ ಪ್ರತಿ ಪಂದ್ಯದ ತಾರೀಖು, ಎದುರಾಳಿ, ಅಂಕ ಇವನ್ನು ಬರೆದು, ಕೆಳಗೆ ಒಂದೇ ಸಾಲಿನಲ್ಲಿ ಆ ದಿನ ಕಲಿತದ್ದನ್ನು ಬರೆಯಿರಿ. ಹುಡುಗರ ತಂಡಕ್ಕೆ ಒಂದು ಪುಟ ಕೊಟ್ಟರೆ ಹುಡುಗಿಯರ ತಂಡಕ್ಕೂ ಒಂದು ಪುಟ ಕೊಡಿರಿ. ಎದುರಾಳಿಯ ಒಳ್ಳೆಯ ಆಟವನ್ನೂ ಮರೆಯದೆ ಗುರುತಿಸಿರಿ. ಅವರು ಮತ್ತೆ ಬರುವರು.

ವರ್ಷದ ಕೊನೆಯಲ್ಲಿ ಆ ಪುಸ್ತಕವನ್ನು ತೆರೆದು ಸೋಲಿನ ಪುಟಗಳನ್ನು ಓದಿರಿ. ಅಲ್ಲಿ “ನಾವು ಸೋತೆವು” ಎಂದು ಬರೆದಿದ್ದರೆ, ನೋಡುವವರ ಪರೀಕ್ಷೆಯಲ್ಲಿ ನೀವು ಉತ್ತೀರ್ಣರಾದಿರೆಂದು ತಿಳಿಯಿರಿ.