ಯುಕೆ ಪ್ರೊಸೆಸ್‌ನಲ್ಲಿ ಕೂರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಐರೋಲಿ, ಮಹಾಪೆ, ಥಾಣೆಯ ವಾಗ್ಳೆ ಎಸ್ಟೇಟ್ ಕಡೆಯ ಆಫೀಸುಗಳಲ್ಲಿ ಬ್ರಿಟನ್ನಿನ ಕರೆ ತೆಗೆದುಕೊಳ್ಳುವ ಕನ್ನಡ ಮನೆಗಳ ಹುಡುಗ ಹುಡುಗಿಯರಿಗೆ ಇದು. ಕಾಲೇಜಿನ ಇಂಗ್ಲಿಷ್ ಇಲ್ಲಿ ಸಾಲದು. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ಒಂದು ಆಡುಮಾತನ್ನು ತಪ್ಪು ತಿಳಿದರೆ ಅವರ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಜೀವವೂ. ನಿಮ್ಮ ಕೆಲಸವಂತೂ ಹೋಗುತ್ತದೆ.

ಮಾಡಬೇಕಾದ್ದು

- 'ಕ್ವಿಡ್' ಎಂದರೆ ಪೌಂಡ್, 'ಫೈವರ್' 5, 'ಟೆನರ್' 10, 'ಗ್ರಾಂಡ್' 1,000. ಸೀಟಿಗೆ ಕೂರುವ ಮೊದಲೇ ಬಾಯಿಪಾಠ ಮಾಡಿ.
- ಲಂಡನ್ ಕಡೆಯವರು 'ಪೋನಿ' ಎಂದರೆ 25, 'ಮಂಕಿ' ಎಂದರೆ 500 ಪೌಂಡ್. ಕೇಳಿದ ಮೊತ್ತವನ್ನು ಅಂಕಿಯಲ್ಲಿ ಓದಿ ಹೇಳಿ, ಹೌದು ಅನ್ನಿಸಿಕೊಳ್ಳಿ. (ನಮ್ಮ ಹಳೆಯ ರೂಪಾಯಿ ನೋಟಿನ ಮೇಲೆ ಕೋತಿ ಇತ್ತು, ಅದರಿಂದ ಈ ಹೆಸರು ಬಂತು ಎಂದು ಟ್ರೈನಿಂಗ್‌ನಲ್ಲಿ ಹೇಳಿಯಾರು. ಆ ಕಥೆಗೆ ಆಧಾರವಿಲ್ಲ.)
- 'ಹಾಫ್ ಸೆವೆನ್' ಎಂದರೆ ಏಳೂವರೆ. ಆರೂವರೆ ಅಲ್ಲ. ಹಾಗೇ ಬರೆಯಿರಿ.
- 'ಆಫ್ಟರ್ ಟೀ ಫೋನ್ ಮಾಡಿ' ಎಂದರೆ ಗಂಟೆ ಕೇಳಿ. ಇಂಗ್ಲೆಂಡಿನ ಉತ್ತರದ ಬಹಳ ಮನೆಗಳಲ್ಲಿ 'ಟೀ' ಎಂದರೆ ಸಂಜೆಯ ಊಟ, 'ಡಿನ್ನರ್' ಎಂದರೆ ಮಧ್ಯಾಹ್ನದ ಊಟ.
- ಪೋಸ್ಟ್‌ಕೋಡ್‌ನಲ್ಲಿ 'ಓ' ಅಂದರೆ ಅಕ್ಷರವೋ ಸೊನ್ನೆಯೋ ಕೇಳಿ. ಫೋನ್ ನಂಬರ್ ಹೇಳುವಾಗ ಅವರ ಬಾಯಲ್ಲಿ ಸೊನ್ನೆ ಸಾಮಾನ್ಯವಾಗಿ 'ಓ'.
- 'ಪ್ಯಾಕ್ಡ್ ಇನ್', 'ಕಾಂಕ್ಡ್ ಔಟ್', 'ಆನ್ ದ ಬ್ಲಿಂಕ್': ಮೂರಕ್ಕೂ ಒಂದೇ ಅರ್ಥ, ಕೆಟ್ಟುಹೋಗಿದೆ. ರಿಪೇರಿ ಟಿಕೆಟ್ ತೆರೆಯಿರಿ.
- ಕಾರ್ಡ್ 'ನಿಕ್ಡ್' ಎಂದರೆ ಕಳವಾಗಿದೆ. ಮಿಕ್ಕ ಮಾತು ಆಮೇಲೆ, ಮೊದಲು ಬ್ಲಾಕ್ ಮಾಡಿ.
- ಗ್ಯಾಸ್ ವಾಸನೆ ಎಂದರೆ ಸ್ಕ್ರಿಪ್ಟ್ ಬಿಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಗ್ಯಾಸ್ ತುರ್ತು ಸಂಖ್ಯೆ 0800 111 999 ಕೊಡಿ.
- 'ಪೂರ್ಲಿ' ಎಂದರೆ ಹುಷಾರಿಲ್ಲ, 'ಎ ಅಂಡ್ ಇ' ಎಂದರೆ ಆಸ್ಪತ್ರೆಯ ತುರ್ತು ವಿಭಾಗ. ಕೇಳಿದೊಡನೆ ಧ್ವನಿ ಇಳಿಸಿ.
- 'ಸ್ಕಿಂಟ್' ಎಂದರೆ ಕೈ ಬರಿದಾಗಿದೆ. ಬಾಕಿ ಕೇಳುವುದನ್ನು ನಿಲ್ಲಿಸಿ, ಟೀಮ್ ಲೀಡರ್‌ಗೆ ಕೊಡಿ.
- 'ಐ ಕಾಂಟ್ ಗೋ ಆನ್', 'ಐ ವಾಂಟ್ ಟು ಎಂಡ್ ಇಟ್' ಎಂದರೆ ಆಡುಮಾತು ಎಂದು ತಳ್ಳದೆ ನಿಜವೆಂದೇ ಹಿಡಿಯಿರಿ. ಲೈನ್ ಕಟ್ ಮಾಡದೆ ಸೂಪರ್‌ವೈಸರ್‌ನನ್ನು ಕರೆಯಿರಿ. ಅಲ್ಲಿಯ ಸಮಾರಿಟನ್ಸ್ ಸಹಾಯವಾಣಿ 116 123, ಹಗಲೂ ರಾತ್ರಿ ಉಚಿತ.
- 'ಎ ಬಿಟ್ ಡಿಸಪಾಯಿಂಟೆಡ್' ಎಂದರೆ ಭಾರಿ ಸಿಟ್ಟು ಬಂದಿದೆ. 'ವಿತ್ ರೆಸ್ಪೆಕ್ಟ್' ಎಂದರೆ ನಿಮ್ಮ ಮಾತು ಒಪ್ಪಿಲ್ಲ. ದೂರು ದಾಖಲಿಸಿ.
- ತಿಳಿಯದಿದ್ದರೆ 'ಸಾರಿ, ಕುಡ್ ಯು ಸೇ ದಟ್ ಅಗೇನ್' ಎಂದು ಕೇಳಿ. ಎರಡನೇ ಸಲವೂ ಕೇಳಿ.
- ಗಡಿಯಾರ ನೋಡಿಕೊಳ್ಳಿ. ಬ್ರಿಟನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಲ್ಲಿಯ 9ರಿಂದ 6ರ ಪಾಳಿ ಚಳಿಗಾಲದಲ್ಲಿ ಇಲ್ಲಿ ಮುಗಿಯುವುದು ರಾತ್ರಿ 11.30ಕ್ಕೆ. ಐರೋಲಿಯಿಂದ ಥಾಣೆಗೆ ಬಂದು ಡೊಂಬಿವಲಿ, ಕಲ್ಯಾಣ್ ಲೋಕಲ್ ಹಿಡಿಯುವವರು ಡ್ರಾಪ್ ಕ್ಯಾಬ್ ಇದೆಯೇ ಎಂದು ಸೇರುವ ಮೊದಲೇ ಬರೆಸಿಕೊಳ್ಳಿ.

ಮಾಡಬಾರದ್ದು

- 'ಆಲ್ ರೈಟ್?' ಎಂದು ಕೇಳಿದರೆ ನಿಮ್ಮ ಆರೋಗ್ಯದ ವರದಿ ಕೊಡುವುದು ಬೇಡ. ಅದು ನಮಸ್ಕಾರ ಅಷ್ಟೇ.
- 'ಚಿಯರ್ಸ್', 'ಟಾ' ಕೇಳಿ ಕುಡಿದಿದ್ದಾನೆ ಎಂದುಕೊಳ್ಳುವುದು ಬೇಡ. ಅವು ಥ್ಯಾಂಕ್ಸ್.
- 'ಪಿಸ್ಡ್' ಎಂದರೆ ಅಲ್ಲಿ ಕುಡಿದವನು. ಅಮೆರಿಕದ ಅರ್ಥ ಹಿಡಿದು ಸಿಟ್ಟು ಎಂದು ನೋಟ್ ಮಾಡಬಾರದು.
- 'ಲವ್', 'ಪೆಟ್', 'ಡಕ್', ಸ್ಕಾಟ್ಲೆಂಡಿನ 'ಹೆನ್': ಊರ ಬಸ್ಸಿನಲ್ಲಿ ಗುರುತಿಲ್ಲದವರನ್ನು ಅಕ್ಕಾ, ತಾಯಿ ಅಂದ ಹಾಗೆ. ಅವಮಾನ ಎಂದು ಕರೆ ಕಡಿಯುವುದು ಬೇಡ.
- ಆದರೆ ತಿರುಗಿ ನೀವೂ 'ಲವ್' ಅನ್ನಬಾರದು.
- 'ಬ್ಲಡಿ', 'ಬಗರ್' ಅವರು ಅಂದುಕೊಳ್ಳಲಿ. ನಿಮ್ಮ ಬಾಯಲ್ಲಿ ಬರಬಾರದು.
- 'ಐಲ್ ಬೇರ್ ಇಟ್ ಇನ್ ಮೈಂಡ್' ಎಂದರೆ ಸಾಮಾನ್ಯವಾಗಿ ಬೇಡ ಎಂದೇ ಅರ್ಥ. ಸೇಲ್ ಎಂದು ಬರೆಯಬಾರದು.
- 'ಕ್ವೈಟ್ ಗುಡ್' ಎಂದರೆ ಪರವಾಗಿಲ್ಲ ಅನ್ನುವಷ್ಟೇ. ಹೊಗಳಿಕೆ ಎಂದು ಹಿಗ್ಗುವುದು ಬೇಡ.
- 'ಐ ಲಾಸ್ಟ್ ಮೈ ಡ್ಯಾಡ್', 'ಪಾಪ್ಡ್ ಹಿಸ್ ಕ್ಲಾಗ್ಸ್' ಎಂದರೆ ತೀರಿಕೊಂಡಿದ್ದಾರೆ. ಎಲ್ಲಿ, ಹೇಗೆ ಎಂದು ಕೆದಕಬಾರದು.
- ಸತ್ತವರ ಬಗ್ಗೆ 'ಎಕ್ಸ್‌ಪೈರ್ಡ್' ಅನ್ನಬಾರದು. ಅಲ್ಲಿ ಎಕ್ಸ್‌ಪೈರ್ ಆಗುವುದು ಕಾರ್ಡು ಮತ್ತು ಹಾಲು.
- 'ಪ್ಯಾಂಟ್ಸ್' ಬೇಡ, ಅದು ಒಳಚಡ್ಡಿ. 'ಟ್ರೌಸರ್ಸ್' ಅನ್ನಬೇಕು.
- 'ಐ ಹ್ಯಾವ್ ಎ ಡೌಟ್' ಬೇಡ. ನಿಮ್ಮನ್ನು ನಂಬುವುದಿಲ್ಲ ಎಂದು ಕೇಳಿಸುತ್ತದೆ.
- 'ಪಾಸ್ಡ್ ಔಟ್ ಇನ್ 2022' ಬೇಡ. ಅಲ್ಲಿ ಪಾಸ್ಡ್ ಔಟ್ ಎಂದರೆ ಪ್ರಜ್ಞೆ ತಪ್ಪಿ ಬಿದ್ದದ್ದು.
- 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್', 'ಗುಡ್ ನೇಮ್', ಲಕ್ಷ, ಕೋಟಿ: ಯಾವುದೂ ಬೇಡ.
- ಕೇಳುತ್ತಿದ್ದೇನೆ ಎಂದು ತೋರಿಸಲು 'ಯೆಸ್, ಯೆಸ್' ಅನ್ನಬಾರದು. ರೆಕಾರ್ಡಿಂಗ್‌ನಲ್ಲಿ ಅದು ಒಪ್ಪಿಗೆ.
- ಲಂಡನ್ ಉಚ್ಚಾರದ ಅನುಕರಣೆ ಬೇಡ. ಸಿನಿಮಾ ನೋಡಿ ಕಲಿತ ಆಡುಮಾತನ್ನು ಕಸ್ಟಮರ್ ಮೇಲೆ ಪ್ರಯೋಗ ಮಾಡಬಾರದು. ಅರ್ಥ ಮಾಡಿಕೊಳ್ಳಲು ಕಲಿಯುವುದೇ ಸಾಕು.
- ಬ್ರಿಟಿಷ್ ಆಕ್ಸೆಂಟ್ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಕೇಳಿದರೆ ಒಂದು ರೂಪಾಯಿಯೂ ಕೊಡಬಾರದು.
- ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದ ಕಡೆ ಒಂದು ರಾತ್ರಿಯೂ ಕೂರಬಾರದು.
- ಸ್ಕ್ರಿಪ್ಟ್‌ನಲ್ಲಿ 'ನಾನು ಟ್ಯಾಕ್ಸ್ ಆಫೀಸರ್', 'ನಾನು ಪೊಲೀಸ್' ಎಂದಿದ್ದರೆ ಹೆಡ್‌ಸೆಟ್ ಮುಟ್ಟಬಾರದು. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಮೀರಾ ರೋಡ್‌ನ ಕಾಲ್ ಸೆಂಟರ್‌ಗಳಿಗೆ ನುಗ್ಗಿದಾಗ ಅಲ್ಲಿಯವರು ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಜನರನ್ನು ಹೆದರಿಸಿ ಹಣ ಕೀಳುತ್ತಿದ್ದರು. ನೂರಾರು ಯುವಕ ಯುವತಿಯರು ಪೊಲೀಸರ ವಶವಾದರು.

ಅಂಥ ಆಫೀಸು ಕಂಡರೆ ಅಂದೇ ಹೊರಗೆ ಬನ್ನಿ, ಮನೆಯವರಿಗೆ ಹೇಳಿ, ಪೊಲೀಸರಿಗೆ ತಿಳಿಸಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930.