ವಿಮಾನ ಒಬ್ಬರದು, ಟಿಕೆಟ್ ಇನ್ನೊಬ್ಬರದು: ಮೈಲು ಯಾರ ಖಾತೆಗೆ?

ಪ್ರಶ್ನೆ: ಮಗ ಷಿಕಾಗೋದಲ್ಲಿದ್ದಾನೆ. ನನಗೂ ನಮ್ಮ ಮನೆಯವರಿಗೂ ಹೈದರಾಬಾದಿನಿಂದ ಟಿಕೆಟ್ ತೆಗೆಸಿ ಕಳಿಸಿದ್ದಾನೆ. ಟಿಕೆಟ್ ಯುನೈಟೆಡ್ ಏರ್‌ಲೈನ್ಸ್‌ನದು. ಆದರೆ ಫ್ರಾಂಕ್‌ಫರ್ಟ್‌ವರೆಗೆ ಹಾರುವುದು ಲುಫ್ತಾನ್ಸಾ ವಿಮಾನವೆಂದು ಕೆಳಗೆ ಸಣ್ಣಕ್ಷರದಲ್ಲಿದೆ. ಹಾರಿದ್ದಕ್ಕೆ ಬಹುಮಾನವಾಗಿ ಸಿಗುವ ಮೈಲು ಕೊಡುವವರು ಯಾರು? ಮಗನ ಖಾತೆಗೆ ಹಾಕಿಸಬಹುದೆ?
(ಓದುಗರೊಬ್ಬರು, ಹವಳಗಾ, ಅಫಜಲಪುರ ತಾಲ್ಲೂಕು)

ಉತ್ತರ: ಒಂದು ಕಂಪನಿಯ ವಿಮಾನದ ಸೀಟನ್ನು ಇನ್ನೊಂದು ಕಂಪನಿ ತನ್ನ ಫ್ಲೈಟ್ ನಂಬರ್ ಹಾಕಿ ಮಾರುವುದೇ ಕೋಡ್‌ಶೇರ್. ನಿಮ್ಮೂರಿನ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯನ್ನು ನೆನೆಸಿಕೊಳ್ಳಿ. ಕಬ್ಬು ತಂದ ಟ್ರ್ಯಾಕ್ಟರ್ ಯಾರದ್ದೇ ಇರಲಿ, ಬಿಲ್ಲು ಜಮಾ ಆಗುವುದು ಚೀಟಿಯಲ್ಲಿ ಹೆಸರಿದ್ದವರಿಗೆ. ಇಲ್ಲಿಯೂ ಹಾಗೆಯೇ: ಬುಕಿಂಗ್‌ನಲ್ಲಿ ಯಾವ ಸದಸ್ಯತ್ವದ ನಂಬರ್ ಇದೆಯೋ ಆ ಖಾತೆಗೆ ಮೈಲು.

ಯುನೈಟೆಡ್, ಲುಫ್ತಾನ್ಸಾ ಎರಡೂ 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್ ಕೂಟದವು. ಏರ್ ಇಂಡಿಯಾ 2014ರಲ್ಲಿ ಸೇರಿತು. ಹಾಗಾಗಿ ಈ ಮೂರರಲ್ಲಿ ಯಾವುದರ ಸದಸ್ಯರಾದರೂ ಆಗಬಹುದು. ಆದರೆ ಒಂದು ಹಾರಾಟದ ಮೈಲು ಒಂದೇ ಖಾತೆಗೆ. ಒಮ್ಮೆ ಜಮಾ ಆದದ್ದನ್ನು ಬದಲಿಸುವುದು ಕಷ್ಟ.

ಎಷ್ಟು ಸಿಗುತ್ತದೆ ಎನ್ನುವುದಕ್ಕೆ ಟಿಕೆಟ್‌ನಲ್ಲಿ ಎರಡು ಗುರುತು ನೋಡಿ. ಹದಿಮೂರಂಕಿಯ ಟಿಕೆಟ್ ನಂಬರಿನ ಮೊದಲ ಮೂರಂಕಿ ಟಿಕೆಟ್ ಕೊಟ್ಟವರದು: 016 ಆದರೆ ಯುನೈಟೆಡ್, 220 ಆದರೆ ಲುಫ್ತಾನ್ಸಾ, 098 ಆದರೆ ಏರ್ ಇಂಡಿಯಾ. ಇನ್ನೊಂದು, ಪ್ರತಿ ಹಾರಾಟದ ಪಕ್ಕದಲ್ಲಿರುವ ಒಂದು ಇಂಗ್ಲಿಷ್ ಅಕ್ಷರ. ಅದು ದರದ ವರ್ಗ. ಅಕ್ಕಪಕ್ಕ ಕೂತ ಇಬ್ಬರ ಅಕ್ಷರ ಬೇರೆಯಾದರೆ ಮೈಲೂ ಬೇರೆ. ಕೆಲವು ಯೋಜನೆಗಳು ಕೊಟ್ಟ ಹಣದ ಮೇಲೆ, ಕೆಲವು ದೂರ ಮತ್ತು ಈ ಅಕ್ಷರದ ಮೇಲೆ ಲೆಕ್ಕ ಹಾಕುತ್ತವೆ. ತೀರಾ ಅಗ್ಗದ ಅಕ್ಷರಗಳಿಗೆ ಸಿಗುವುದು ಅಷ್ಟಕ್ಕಷ್ಟೆ.

ಮಗನ ಖಾತೆಗೆ ನೇರವಾಗಿ ಹಾಕಿಸಲು ಬರುವುದಿಲ್ಲ. ಹಣ ಯಾರೇ ಕೊಟ್ಟಿರಲಿ, ಮೈಲು ಹಾರಿದವರದು. ಇಬ್ಬರೂ ಬೇರೆ ಬೇರೆ ಖಾತೆ ತೆರೆಯಬೇಕು, ಅದಕ್ಕೆ ಖರ್ಚಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹಾರುವವರಿಗೆ ಯುನೈಟೆಡ್ ಅನುಕೂಲ: 2019ರಿಂದ ಅದರ ಮೈಲುಗಳಿಗೆ ಅವಧಿ ಮುಗಿಯುವ ಭಯವಿಲ್ಲ. 2024ರಿಂದ ಐದು ಮಂದಿಯವರೆಗೆ ತಮ್ಮ ಮೈಲುಗಳನ್ನು ಒಂದೇ ಕಡೆ ಕೂಡಿಸಿಡಲೂ ಅವಕಾಶವಿದೆ. ಮಗನ ಜೊತೆ ಹಾಗೆ ಕೂಡಬಹುದು.

ಖಾತೆ ತೆರೆಯುವಾಗ ಹೆಸರಿನ ಬಗ್ಗೆ ಜೋಪಾನ. ನಮ್ಮ ಕಡೆ ತಂದೆಯ ಹೆಸರು, ಅಡ್ಡಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಕಡೆ ಕೂತಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಟಿಕೆಟ್ಟಿನಲ್ಲೂ ಖಾತೆಯಲ್ಲೂ ಇರಲಿ. ಚೆಕ್‌ಇನ್ ಕೌಂಟರಿನಲ್ಲಿ ಸದಸ್ಯತ್ವದ ನಂಬರ್ ಬೋರ್ಡಿಂಗ್ ಪಾಸಿನ ಮೇಲೆ ಬಂದಿದೆಯೆ ನೋಡಿಕೊಳ್ಳಿ.

ಷಿಕಾಗೋ ಮುಟ್ಟಿದ ಕೂಡಲೇ ಆ ತುಂಡನ್ನು ಎಸೆಯಬೇಡಿ. ಮೈಲು ಬಾರದಿದ್ದರೆ ತಿಂಗಳುಗಳ ನಂತರವೂ ಅದನ್ನು ತೋರಿಸಿ ಕೇಳಬಹುದು. ಬಿಲ್ಲು ಜಮಾ ಆಗುವ ತನಕ ತೂಕದ ಚೀಟಿಯನ್ನು ನೀವು ಹರಿಯುವುದಿಲ್ಲವಲ್ಲ!