ಜ್ವರ ಮಗುವಿಗೆ, ಚೀಟಿಯೂ ಮಗುವಿನ ಹೆಸರಿಗೇ ಇರಲಿ

ಡೇ ಕೇರಿನಿಂದ ಕೂಸು ಜ್ವರ ಹೊತ್ತುಕೊಂಡು ಬರುತ್ತದೆ. ಅದು ಚೇತರಿಸಿಕೊಳ್ಳುವಷ್ಟರಲ್ಲಿ ಕೆಲಸಕ್ಕೆ ಗೈರಾದದ್ದಕ್ಕೆ ತಾಯಿಯ ಕೈಗೆ ಮೆಮೊ ಬಂದಿರುತ್ತದೆ. ಹೊಸಪೇಟೆಯಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಇಂಥವರು ಬರುವುದು ಎಲ್ಲ ಮುಗಿದ ಮೇಲೆ. ಹಂಪಿ, ಕಮಲಾಪುರದ ಹೋಟೆಲುಗಳಲ್ಲಿ ರೂಮು ಶುಚಿ ಮಾಡುವವರು, ಸಂಡೂರಿನ ಗಣಿಗಳಲ್ಲಿ ಗುತ್ತಿಗೆ ಮೇಲೆ ದುಡಿಯುವವರು, ಕಂಪ್ಲಿಯ ಅಂಗಡಿ, ನರ್ಸಿಂಗ್ ಹೋಮುಗಳಲ್ಲಿ ಇರುವವರು. ಅವರ ಕಡೆ ನ್ಯಾಯ ಇರುತ್ತದೆ, ಕಾಗದ ಇರುವುದಿಲ್ಲ. ಇದ್ದರೂ ತಪ್ಪು ಕಾಗದ.

ಮೊದಲು ದಿನಾಂಕದ ಮಾತು. ‘ನಿಮ್ಮ ಮಗುವಿನ ಜೊತೆ ಆಡುವ ಒಂದು ಮಗುವಿಗೆ ದಡಾರ ಆಗಿದೆ’ ಎಂದು ಡೇ ಕೇರಿನ ಆಯಾ ಗೇಟಿನಲ್ಲಿ ಹೇಳಿದರೆ ಅದನ್ನು ಕೇಳಿ ಸುಮ್ಮನೆ ಮನೆಗೆ ಹೋಗಬೇಡಿ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸು ಬೀಳುವುದು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಒಂಬತ್ತು ತಿಂಗಳಿಗಿಂತ ಎಳೆಯ ಕೂಸಿಗೆ ಲಸಿಕೆಯ ರಕ್ಷಣೆ ಇಲ್ಲ. ಆದರೆ ಆರು ತಿಂಗಳು ದಾಟಿದ್ದರೆ, ರೋಗಿಯ ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಡುವ ದಾರಿ ವೈದ್ಯರ ಬಳಿ ಇದೆ. ಅದಕ್ಕೂ ಚಿಕ್ಕ ಕೂಸಾದರೆ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಡಬಹುದು. ಯಾವುದು ಬೇಕು ಎನ್ನುವುದು ವೈದ್ಯರ ತೀರ್ಮಾನ. ದಡಾರದ ದದ್ದು ಕಾಣುವ ನಾಲ್ಕು ದಿನ ಮೊದಲೇ ಸೋಂಕು ಹರಡಲು ಶುರುವಾಗಿರುತ್ತದೆ, ಹಾಗಾಗಿ ಡೇ ಕೇರಿನವರು ಎರಡು ದಿನ ತಡಮಾಡಿದರೂ ಅವಕಾಶ ಕೈತಪ್ಪುತ್ತದೆ. ಸೀತಾಳೆ ಸಿಡುಬಿನ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲೇ ಇಲ್ಲ. ಅದಕ್ಕೇ ‘ಲಸಿಕೆ ಎಲ್ಲಾ ಆಗ್ಯಾವು’ ಎಂದು ತಾಯಿ ಕಾರ್ಡು ತೋರಿಸಿ ನೆಮ್ಮದಿಯಿಂದ ಇರಬೇಡಿ.

ಸುದ್ದಿ ಕೇಳಿದ ದಿನವೇ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಒಯ್ದು ಹೊರರೋಗಿ ಚೀಟಿ ಮಾಡಿಸಿ. ಮಗುವಿನ ಹೆಸರು, ತಿಂಗಳುಗಳಲ್ಲಿ ವಯಸ್ಸು, ತಾರೀಖು, ಸಂಪರ್ಕವಾಗಿದೆ ಎಂಬ ಒಂದು ಸಾಲು, ಎಷ್ಟು ದಿನ ಮನೆಯಲ್ಲಿರಬೇಕು ಎಂಬುದು, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ, ಇಷ್ಟೂ ಅದರಲ್ಲಿ ಇರಬೇಕು. ಕೇಳದಿದ್ದರೆ ಯಾರೂ ಬರೆದುಕೊಡುವುದಿಲ್ಲ. ಓಣಿಯ ಮೆಡಿಕಲ್ ಶಾಪಿನಲ್ಲಿ ಔಷಧಿ ತಂದು ಕುಡಿಸಿದರೆ, ಡಿಗ್ರಿ ಇಲ್ಲದವನಿಂದ ಇಂಜೆಕ್ಷನ್ ಹಾಕಿಸಿದರೆ, ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಕಾಯಿಲೆಯೇ ಬಂದಿಲ್ಲ. ‘ಅಮ್ಮ ಬಂದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳುವ ಕುಟುಂಬಗಳೂ ಉಂಟು. ನಂಬಿಕೆ ಬಿಡಿ ಎನ್ನುವುದಿಲ್ಲ, ಆದರೆ ವೈದ್ಯರಿಗೂ ತೋರಿಸಿ, ಚೀಟಿ ತನ್ನಿ. ಖಾಸಗಿ ವೈದ್ಯರು ದಾಖಲೆ ಕೊಡಲು ಸತಾಯಿಸಿದರೆ ಬರವಣಿಗೆಯಲ್ಲಿ ಕೇಳಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಅವರು ಕೊಡಬೇಕು.

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ.

ಮಗುವನ್ನು ಡೇ ಕೇರಿಗೆ ಕಳಿಸುವಂತಿಲ್ಲ, ಮನೆಯಲ್ಲಿ ನೋಡುವವರಿಲ್ಲ. ತಾಯಿ ಕೆಲಸಕ್ಕೆ ಹೋಗುವುದಿಲ್ಲ. ಆಗ ಸೂಪರ್‌ವೈಸರೋ ಲೇಬರ್ ಕಂಟ್ರಾಕ್ಟರನ ಮನುಷ್ಯನೋ ಹೇಳುತ್ತಾನೆ: ‘ಮಗೂದು ಅಂದ್ರೆ ರಜಾ ಸಿಗೋದಿಲ್ಲಮ್ಮ, ನಿನ್ನ ಹೆಸರಿಗೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಕೊಂಡು ಬಾ.’ ಎಲ್ಲಿ ಸಿಗುತ್ತದೆ ಎಂದೂ ಅವನೇ ತೋರಿಸುತ್ತಾನೆ. ಆಕೆ ದುಡ್ಡು ಕೊಟ್ಟು ತನಗೇ ಟೈಫಾಯ್ಡ್ ಎಂದು ಬರೆಸಿಕೊಂಡು ಬರುತ್ತಾಳೆ. ಆಮೇಲೆ ಯಾವಾಗಲೋ ಕಂಪನಿಗೆ ಆಳು ಕಡಿಮೆ ಮಾಡಬೇಕೆನಿಸಿದಾಗ ಆ ಕಾಗದ ಹೊರಬರುತ್ತದೆ. ವೈದ್ಯರ ರಿಜಿಸ್ಟರಿನಲ್ಲಿ ಆಕೆಯ ಹೆಸರಿಲ್ಲ. ಸುಳ್ಳು ದಾಖಲೆ ಕೊಟ್ಟ ದುರ್ನಡತೆ ಎಂದು ಇಲಾಖಾ ವಿಚಾರಣೆ ನಡೆಯುತ್ತದೆ, ಕೆಲಸ ಹೋಗುತ್ತದೆ. ದಾರಿ ತೋರಿಸಿದ ಸೂಪರ್‌ವೈಸರನೇ ಅಲ್ಲಿ ಆಕೆಯ ವಿರುದ್ಧ ಸಾಕ್ಷಿ. ಬರೀ ಗೈರುಹಾಜರಿಯಾಗಿದ್ದರೆ ನಾವು ವಾದಿಸಿ ಉಳಿಸಿಕೊಳ್ಳಬಹುದಾಗಿದ್ದ ಕೆಲಸವದು. ಸುಳ್ಳು ಕಾಗದದ ಮೇಲೆ ಸಹಿ ಬಿದ್ದ ಮೇಲೆ ವಕೀಲರಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಬಡ ಹೆಣ್ಣುಮಕ್ಕಳಿಗೆ ಈ ಸಲಹೆ ಕೊಟ್ಟು ಕಮಿಷನ್ ತಿನ್ನುವವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮತ್ತೇನು ಮಾಡಬೇಕು? ನಿಜವನ್ನೇ ಬರೆಯಿರಿ. ‘ನನ್ನ ಎಂಟು ತಿಂಗಳ ಮಗುವಿಗೆ ಸೋಂಕು ಇದೆ, ವೈದ್ಯರು ಇಷ್ಟು ದಿನ ಮನೆಯಲ್ಲಿ ಇರಿಸಲು ಹೇಳಿದ್ದಾರೆ, ಚೀಟಿಯ ನಕಲು ಲಗತ್ತಿಸಿದೆ. ನನ್ನ ಗಳಿಕೆ ರಜೆಯಲ್ಲಿ, ಅದು ಇಲ್ಲದಿದ್ದರೆ ಸಂಬಳ ರಹಿತವಾಗಿ ರಜೆ ಕೊಡಿ.’ ಇಷ್ಟು ಸಾಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಕಾಯಿಲೆ ರಜೆ ಇದೆ. ಆದರೆ ಅದು ನಿಮ್ಮ ಸ್ವಂತ ಕಾಯಿಲೆಗೆ. ಇಎಸ್‌ಐ ಕೂಡ ಹಾಗೆಯೇ, ಮಗುವಿಗೆ ಔಷಧೋಪಚಾರ ಸಿಗುತ್ತದೆ, ನೀವು ಕಳೆದುಕೊಂಡ ಸಂಬಳಕ್ಕೆ ಪರಿಹಾರ ಸಿಗುವುದಿಲ್ಲ. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಕೊಟ್ಟರು, ಕೇಂದ್ರದ ನೌಕರರಿಗೆ 730 ದಿನ ಇದೆ. ಖಾಸಗಿಯಲ್ಲಿ ದುಡಿಯುವವಳಿಗೆ ಮಗುವಿನ ಕಾಯಿಲೆಗೆಂದು ಒಂದು ದಿನದ ರಜೆಯೂ ಕಾಯ್ದೆಯಲ್ಲಿಲ್ಲ. ಇದು ಅನ್ಯಾಯ, ಬದಲಾಗಬೇಕು. ಬದಲಾಗುವವರೆಗೂ ಗಳಿಕೆ ರಜೆಯನ್ನೇ ಕೂಡಿಟ್ಟುಕೊಳ್ಳಿ. ಅನುಮತಿಯಿಲ್ಲದೆ ಹತ್ತು ದಿನ ಮೀರಿ ಗೈರಾದರೆ ಕಂಪನಿಯ ಸ್ಥಾಯಿ ಆದೇಶಗಳಲ್ಲಿ (ಸ್ಟ್ಯಾಂಡಿಂಗ್ ಆರ್ಡರ್) ಸಾಮಾನ್ಯವಾಗಿ ಅದೇ ದುರ್ನಡತೆ ಎನಿಸಿಕೊಳ್ಳುತ್ತದೆ. ಆದ್ದರಿಂದ ಅರ್ಜಿ ಮೊದಲ ದಿನವೇ ಹೋಗಬೇಕು, ವಾಟ್ಸ್ಆ್ಯಪಿನಲ್ಲಾದರೂ ಸರಿ. ಮೆಸೇಜು ಅಳಿಸಬೇಡಿ.

ಹೋಟೆಲಿನಲ್ಲೋ ಕಂಪನಿಯಲ್ಲೋ ಐವತ್ತು ಅಥವಾ ಹೆಚ್ಚು ಜನ ಇದ್ದರೆ ಶಿಶುಪಾಲನಾ ಕೊಠಡಿಯ ಸೌಲಭ್ಯ ಕೊಡುವುದು ಮಾಲೀಕರ ಹೊಣೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಿಬರಬಹುದು. ‘ಐವತ್ತು ಹೆಂಗಸರು ಇರಬೇಕು’ ಎಂದು ಎಚ್‌ಆರ್‌ನವರು ಹೇಳಿದರೆ ನಂಬಬೇಡಿ, ಗಂಡಸರು ಹೆಂಗಸರು ಎಲ್ಲರೂ ಸೇರಿ ಐವತ್ತು. ಗುತ್ತಿಗೆದಾರರ ಹೆಸರಿನಲ್ಲಿ ಆಳುಗಳನ್ನು ಹಂಚಿ ಹಾಜರಿ ಪುಸ್ತಕದಲ್ಲಿ ಸಂಖ್ಯೆ ಕಡಿಮೆ ತೋರಿಸುವುದು ನಮ್ಮ ಕಡೆ ಹಳೆಯ ಚಾಳಿ. ಕಾರ್ಮಿಕ ಇಲಾಖೆಯವರು ಬಂದು ಎಣಿಸಬೇಕು, ಎಣಿಸುವುದಿಲ್ಲ.

ಇನ್ನು ಡೇ ಕೇರಿನವರ ಹೊಣೆ. ಸೇರಿಸುವಾಗ ‘ಮಗುವಿನ ಆರೋಗ್ಯಕ್ಕೆ ನಾವು ಜವಾಬ್ದಾರರಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ಬಾಯಿ ಕಟ್ಟಿಹೋಗುವುದಿಲ್ಲ. ಶುಲ್ಕ ಪಡೆದು ನಡೆಸುವ ಡೇ ಕೇರ್ ಒಂದು ಸೇವೆ. ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವೆಯ ನ್ಯೂನತೆಯೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ದೂರು ಕೊಡಲು ಎರಡು ವರ್ಷ ಸಮಯವಿದೆ. ಕೊಟ್ಟ ಶುಲ್ಕ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಒಂದು ಎಚ್ಚರಿಕೆ: ಮಗುವಿಗೆ ಕಾಯಿಲೆ ತಗುಲಿತು ಎಂದಷ್ಟೇ ಹೇಳಿದರೆ ದೂರು ನಿಲ್ಲುವುದಿಲ್ಲ. ಮಕ್ಕಳು ಸೇರುವ ಕಡೆ ಸೋಂಕು ಇದ್ದೇ ಇರುತ್ತದೆ. ಅವರಿಗೆ ಮೊದಲೇ ಗೊತ್ತಿತ್ತು, ಆದರೂ ಹೇಳಲಿಲ್ಲ ಎಂಬುದನ್ನು ನೀವು ತೋರಿಸಬೇಕು. ಅದಕ್ಕೇ ಆಯಾ ಬಾಯಲ್ಲಿ ಹೇಳಿದ್ದನ್ನು ಅದೇ ಸಂಜೆ ಮೆಸೇಜು ಹಾಕಿ ಖಚಿತಪಡಿಸಿಕೊಳ್ಳಿ: ‘ಇವತ್ತು ನೀವು ತಿಳಿಸಿದಂತೆ ದಡಾರದ ಪ್ರಕರಣ ಯಾವ ದಿನ ಗೊತ್ತಾಯಿತು?’ ಯಾವ ಮಗು ಎಂದು ಕೇಳಬೇಡಿ, ಅವರೂ ಹೇಳಬಾರದು.

ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯಲ್ಲಿ ಮಗುವನ್ನು ಬಿಡುವವರಿಗೆ ಗ್ರಾಹಕ ದೂರಿನ ದಾರಿ ಇಲ್ಲ, ಅದು ಉಚಿತ ಸೇವೆ. ಅಲ್ಲಿ ಆರೈಕೆದಾರರು ಸರದಿಯ ಮೇಲೆ ಬದಲಾಗುತ್ತಾರೆ, ಹೋದ ವಾರ ಯಾವ ಮಗುವಿಗೆ ಭೇದಿಯಾಗಿತ್ತು ಎಂದು ಈ ವಾರದವರಿಗೆ ಗೊತ್ತೇ ಇರುವುದಿಲ್ಲ. ಪಿಡಿಒಗೆ ಲಿಖಿತ ಅರ್ಜಿ ಕೊಡಿ, ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳವಾಡಬೇಡಿ, ಸ್ಪೀಡ್ ಪೋಸ್ಟ್ ಮಾಡಿ. ಕ್ರಮ ಏನಾಯಿತೆಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಉತ್ತರಕ್ಕೆ 30 ದಿನ ಗಡುವು. ಬಿಪಿಎಲ್ ಕುಟುಂಬಕ್ಕೆ ಆ ಹತ್ತು ರೂಪಾಯಿಯೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕತೆ ಬರೆದರೆ ಅದೇ ನೆಪದಲ್ಲಿ ವಾಪಸ್ಸು ಬರುತ್ತದೆ.

ಯಾವ ಊರಿನ ಕಚೇರಿ ಎನ್ನುವುದರಲ್ಲೂ ಜನ ಅಲೆಯುತ್ತಾರೆ. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿನಲ್ಲೇ ಇತ್ತು, ಈಗ ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆ. ಕಾರ್ಮಿಕ ಇಲಾಖೆಗೆ ನೀವು ಕೆಲಸ ಮಾಡುವ ಊರು ಲೆಕ್ಕ, ಆರೋಗ್ಯ ಇಲಾಖೆಗೆ ಡೇ ಕೇರ್ ಇರುವ ಊರು. ಗ್ರಾಹಕ ದೂರನ್ನು ಮಾತ್ರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೂ ಕೊಡಬಹುದು. ಗುಮಾಸ್ತರು ‘ಇದು ನಮ್ಮ ವ್ಯಾಪ್ತಿಗೆ ಬರೋಲ್ಲ’ ಎಂದರೆ ಹಾಗೆಂದು ಬರೆದುಕೊಡಿ ಎನ್ನಿ.

ಪೊಲೀಸ್ ಠಾಣೆಗೆ ಓಡುವವರಿಗೂ ಒಂದು ಮಾತು. ಜೀವಕ್ಕೆ ಅಪಾಯವಿರುವ ರೋಗವನ್ನು ನಿರ್ಲಕ್ಷ್ಯದಿಂದ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಮಿನಲ್ಲಿ ಆರು ತಿಂಗಳವರೆಗಿನ ಶಿಕ್ಷೆಯ ಅಪರಾಧ, ನಿಜ. ಆದರೆ ನೆಗಡಿ, ಕಣ್ಣುಬೇನೆ, ಕೈ–ಕಾಲು–ಬಾಯಿ ಹುಣ್ಣಿಗೆಲ್ಲ ಅದನ್ನು ಎಳೆತಂದು, ಇನ್ನೊಬ್ಬ ಬಡ ತಾಯಿಯ ಮೇಲೆ ದೂರು ಕೊಡಬೇಡಿ. ಅವಳೂ ರಜೆ ಸಿಗದೆ ಜ್ವರದ ಮಗುವಿಗೆ ಪ್ಯಾರಾಸಿಟಮಾಲ್ ಕುಡಿಸಿ ಬಿಟ್ಟುಹೋದವಳೇ. ಎಚ್‌ಐವಿ ಇರುವ ಮಗುವನ್ನು ಹೊರಗಿಡಿ ಎಂದು ಪಾಲಕರು ಒತ್ತಾಯಿಸುವುದಂತೂ ಪೂರ್ತಿ ತಪ್ಪು. ಆ ಸೋಂಕು ಜೊತೆಗೆ ಕೂತು ಆಡಿದರೆ, ಉಂಡರೆ ಹರಡುವುದಿಲ್ಲ. ತಾರತಮ್ಯ ಮಾಡುವುದನ್ನು, ಅನುಮತಿಯಿಲ್ಲದೆ ವಿಷಯ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.

ಮೆಮೊ ಈಗಾಗಲೇ ಬಂದಿದ್ದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ, ‘ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂಬುದಕ್ಕಂತೂ ಬೇಡವೇ ಬೇಡ. ಮಗುವಿನ ಚೀಟಿ, ರಜೆ ಅರ್ಜಿ, ಮೆಸೇಜುಗಳನ್ನು ತೆಗೆದುಕೊಂಡು ಹೊಸಪೇಟೆ ಅಥವಾ ಸಂಡೂರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ವರಮಾನ ಎಷ್ಟೇ ಇರಲಿ. ಆದಾಯ ಪ್ರಮಾಣಪತ್ರ ತಂದರೆ ಮಾತ್ರ ಎಂದು ಯಾರಾದರೂ ನಾಡಕಚೇರಿಗೆ ಅಟ್ಟಿದರೆ ಹೋಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಎಂದು ಹೇಳಿ ಅಲ್ಲಿಯೇ ಕೂತುಕೊಳ್ಳಿ.